ಕೊಯ್ಯದಸಾಲು

ಹಿರಿಯೂರು ಸೀಮೆಯ ಒಣ ಬಯಲಿನಲ್ಲಿ ಬಸ್ಸು ಹೊಂಗೆಮರಗಳ ಒಂದು ಗುಂಪಿನ ಮುಂದೆ ನಿಂತಾಗ ಕಂಡಕ್ಟರು ‘ಕೊಯ್ಯದಸಾಲು ಇಳೀರಿ’ ಎಂದು ಕೂಗುತ್ತಾನೆ. ಊರೆಂದರೆ ಇಪ್ಪತ್ತು ಮನೆ, ಒಂದು ಮೆಟ್ಟಿಲುಬಾವಿ, ಸುತ್ತ ಹೂವಿನ ತೋಟ. ಯುಗಾದಿ ಕಳೆದು ಬಿಸಿಲು ಬಲಿಯುವ ಮೊದಲೇ ಇಲ್ಲಿಗೆ ಬರಬೇಕು. ಹೊಂಗೆಯ ಹೂ ಮಂಡಕ್ಕಿ ಚೆಲ್ಲಿದಂತೆ ನೆಲ ತುಂಬಿರುತ್ತದೆ, ಬದುವಿನ ಕಕ್ಕೆಮರ ಹಳದಿ ಗೊಂಚಲು ಇಳಿಬಿಟ್ಟಿರುತ್ತದೆ, ಕನಕಾಂಬರದ ಮಡಿಗಳು ಕೆಂಡದ ಬಣ್ಣಕ್ಕೆ ತಿರುಗಿರುತ್ತವೆ. ಮಲ್ಲಿಗೆಯ ತೋಟ ಮಾತ್ರ ಬರೀ ಹಸಿರು. ‘ಮಲ್ಲಿಗೆ ಊರು ಅಂತೀರಿ, ಒಂದು ಹೂವೂ ಕಾಣೆ’ ಎಂದು ಕೇಳಿ ಹೊಸಬರು ನಗೆಪಾಟಲಾಗುತ್ತಾರೆ. ಮಲ್ಲಿಗೆ ಬೆಳೆಯುವವರು ಹೂ ಕೊಯ್ಯುವುದಿಲ್ಲ, ಮೊಗ್ಗು ಕೊಯ್ಯುತ್ತಾರೆ. ಹೊತ್ತು ಏರುವುದರೊಳಗೆ ಅಂದಿನ ಮೊಗ್ಗೆಲ್ಲ ಬುಟ್ಟಿ ಸೇರಿರಬೇಕು. ಸಂಜೆ ಅದು ಅರಳುವುದು ಯಾರದೋ ಜಡೆಯಲ್ಲಿ, ಯಾವುದೋ ದೇವರ ಕೊರಳಲ್ಲಿ. ಹಾಗೆ ಕೊಯ್ಯದೆ ಬಿಡುವ ಸಾಲು ಇಡೀ ತೋಟದಲ್ಲಿ ಒಂದೇ ಒಂದು, ಊರಿನ ಹೆಸರು ಹುಟ್ಟಿದ್ದು ಅದರಿಂದಲೇ. ಆ ಸಾಲಿನಲ್ಲಿ ಸರ್ಪವಿದೆ, ಅದಕ್ಕೇ ಕೊಯ್ಯುವುದಿಲ್ಲ ಎನ್ನುವವರೂ ಸಿಗುತ್ತಾರೆ. ಅವರು ಪಕ್ಕದೂರಿನವರು, ನಂಬಬೇಡಿ.

ಹಿಂದೆ ಒಮ್ಮೆ, ಪಾಳೇಗಾರರ ಆಳ್ವಿಕೆಯಲ್ಲಿ, ಈ ತೋಟ ರಂಗನಾಥಸ್ವಾಮಿಗೆ ಬಿಟ್ಟ ಹೂವಿನ ಮಾನ್ಯವಾಗಿತ್ತು ಎನ್ನುತ್ತಾರೆ. ಹೊಲ ಉಣ್ಣಲು ತೋಟದವರಿಗೆ, ಮೊಗ್ಗೆಲ್ಲ ದೇವರಿಗೆ. ವೈಶಾಖದ ಮೂವತ್ತು ದಿನವೂ ಸ್ವಾಮಿಯ ಕಿರೀಟದಿಂದ ಪಾದದವರೆಗೆ ಮಾಲೆ ಇಳಿಯಬೇಕು. ಗಿಡದ ಮೇಲೆ ಒಂದು ಹೂ ಅರಳಿ ಕಂಡರೂ ಅದು ದೇವರ ಹೂ ಕದ್ದ ಹಾಗೆ, ಮಾನ್ಯ ಹೋಯಿತು ಎಂದೇ ಕಟ್ಟಳೆ. ಆಗ ತೋಟ ನೋಡಿಕೊಳ್ಳುತ್ತಿದ್ದವಳು ಬೋಮಕ್ಕ. ಲಂಗ ಉಡುವ ವಯಸ್ಸಿನಿಂದ ಕೊಯ್ದು ಕೊಯ್ದು ಮುದುಕಿಯಾದವಳು. ಆ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾಘದಲ್ಲಿ ಬಾವಿಯ ಕಟ್ಟೆ ಕಾಣುತ್ತಿತ್ತು, ಚೈತ್ರಕ್ಕೆ ಎದುರಿನ ಗಿಡವಷ್ಟೇ ಕಾಣುತ್ತಿತ್ತು. ಮುಂಗಾರಿನ ಹೊತ್ತಿಗೆ ಅದೂ ಇಲ್ಲ ಎಂದು ಅವಳಿಗೇ ಗೊತ್ತಿತ್ತು.

ವೈಶಾಖದ ಒಂದು ಬೆಳಗ್ಗೆ, ಬಾವಿಯ ಪಕ್ಕದ ಸಾಲಿಗೆ ಬುಟ್ಟಿ ತಂದ ಸೊಸೆ ಕದರಮ್ಮನಿಗೆ ಮುದುಕಿ ಅಡ್ಡ ನಿಂತಳಂತೆ.

“ಈ ಸಾಲು ಬಿಡು.”

“ಯಾಕತ್ತೆ, ಹುಳ ಬಿದ್ದೈತಾ?”

“ಹುಳ ನನಗೇ ಬಿದ್ದೈತೆ ಕಣೆ. ಇಷ್ಟು ವರ್ಷ ಬೆಳೆದೆ, ನನ್ನ ಗಿಡದ ಮೇಲೆ ನನ್ನ ಹೂ ಅರಳಿದ್ದು ಒಂದು ದಿನ ನೋಡಲಿಲ್ಲ. ಕಣ್ಣು ಮುಚ್ಚೋದ್ರೊಳಗೆ ನೋಡಬೇಕು.”

“ಮಾನ್ಯ ಹೋದ್ರೆ ಉಣ್ಣೋದೇನು, ಈ ಸೊಪ್ಪಾ?”

“ಆ ಯೋಚನೆ ನಾಳೆ ಮಾಡಾನ. ಇವತ್ತಿನ ಕಣ್ಣು ನಾಳೆ ಇರಲ್ಲ.”

ಕದರಮ್ಮ ಗೊಣಗಿಕೊಂಡೇ ಬುಟ್ಟಿ ಎತ್ತಿದಳು. ಅಂದು ಸ್ವಾಮಿಯ ಮಾಲೆ ಮೊಣಕಾಲಿಗೇ ನಿಂತುಬಿಟ್ಟಿತು. ಗುಡಿಯ ಪಾರುಪತ್ಯಗಾರ ನರಸಪ್ಪಯ್ಯ ಬಲು ನಿಷ್ಠುರದ ಮನುಷ್ಯ. ಸ್ವಂತ ಅಣ್ಣನ ಪ್ರಸಾದವನ್ನೇ ತಡೆದವನು ಎನ್ನುತ್ತಾರೆ. ಇಬ್ಬರು ಆಳುಗಳ ಹೆಗಲಿಗೆ ಗುದ್ದಲಿ ಏರಿಸಿ, ಗಿಡ ಕೀಳಿಸಿ ಮಾನ್ಯ ಜಪ್ತಿ ಮಾಡುವೆನೆಂದು ಹೊರಟು ಬಂದ. ಅವನು ತೋಟ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಬೋಮಕ್ಕ ಸಾಲಿನ ಎದುರು ಕಾಲು ಚಾಚಿ ಕುಳಿತಿದ್ದಳು, ಏಳಲಿಲ್ಲ.

“ದೇವರ ಹೂ ಕದ್ದೆಯಲ್ಲೇ ಮುದುಕಿ!”

“ಕದ್ದಿದ್ರೆ ಈ ನಾಲ್ಕೆಳೆ ಕೂದಲಲ್ಲಿ ಇರ್ತಿತ್ತು ಬುದ್ಧಿ, ಗಿಡದಲ್ಲಿ ಯಾಕಿರ್ತಿತ್ತು? ಒಸಿ ಪಕ್ಕಕ್ಕೆ ನಿಂತ್ಕೊಳ್ಳಿ, ಕಾಣಾಕಿಲ್ಲ.”

ಪಾರುಪತ್ಯಗಾರನಿಗೆ ಪಕ್ಕಕ್ಕೆ ನಿಲ್ಲೆಂದು ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಗಾಬರಿಯಲ್ಲಿ ಅವನು ನಿಂತೇಬಿಟ್ಟ. ಆ ಹೊತ್ತಿಗೆ ಮೊದಲ ಮೊಗ್ಗು ಬಾಯಿ ಬಿಟ್ಟಿತು, ಅದರ ಪಕ್ಕದ್ದು, ಅದರ ಕೆಳಗಿನದು; ಪರಿಮಳ ಬಾವಿಯ ತಂಪಿನ ಜೊತೆ ಮೇಲೆದ್ದಿತು. ಜನ್ಮವಿಡೀ ಮಲ್ಲಿಗೆಯನ್ನು ಬುಟ್ಟಿಯಲ್ಲಿ ಅಳೆದು ಇಳಿಸಿಕೊಂಡ ನರಸಪ್ಪಯ್ಯನೂ ಅದನ್ನು ಗಿಡದ ಮೇಲೆ ಕಂಡವನಲ್ಲ. ಮೆಟ್ಟು ಕಳಚಿ ಬದುವಿನ ಮೇಲೆ ಕುಳಿತ.

“ಕೀಳೋದಾ ಬುದ್ಧೀ?” ಎಂದ ಒಬ್ಬ ಆಳು.

“ತಡಿಯೋ.”

ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬ, “ಈಗಲಾ ಬುದ್ಧೀ?”

“ತಡಿಯೋ ಅಂದ್ನಲ್ಲ! ಆ ಮೂಲೆಯದು ಇನ್ನೂ ಅರಳಿಲ್ಲ.”

ಅದೂ ಅರಳಿತು. “ಕಾಣ್ತಾ ಅಜ್ಜೀ?” ಎಂದು ನರಸಪ್ಪಯ್ಯನೇ ಕೇಳಿದ. “ಎಸಳು ಕಾಣಾಕಿಲ್ಲ ಬುದ್ಧಿ. ಹಾಲು ಉಕ್ಕಿದಂಗೆ ಬೆಳ್ಳಗೆ ಕಾಣ್ತೈತೆ. ಸಾಕು” ಎಂದಳಂತೆ ಬೋಮಕ್ಕ. ಗುದ್ದಲಿಗಳು ಬಂದ ಹಾಗೇ ಹಿಂದಕ್ಕೆ ಹೋದವು. ಆದರೆ ಕಟ್ಟಳೆ ಕಟ್ಟಳೆಯೇ, ನರಸಪ್ಪಯ್ಯ ಮುರಿಯುವವನಲ್ಲ. ಮರುದಿನ ಪಾಳೇಗಾರನ ಮುಂದೆ ನಿಂತು ಮಾನ್ಯದ ಓಲೆಗೆ ಒಂದು ಸಾಲು ಕೂಡಿಸಿಕೊಂಡು ಬಂದ: ‘ಬಾವಿಯ ಪಕ್ಕದ ಸಾಲೂ ಸ್ವಾಮಿಯದೇ, ಆದರೆ ಅದನ್ನು ಗಿಡದ ಮೇಲೆಯೇ ಅರ್ಪಿಸತಕ್ಕದ್ದು.’ ಮಳೆ ಬೀಳುವ ಹೊತ್ತಿಗೆ ಬೋಮಕ್ಕನ ಕಣ್ಣು ಪೂರ್ತಿ ಹೋಯಿತು. ಆದರೂ ಮುಂದಿನ ವರ್ಷಗಳಲ್ಲಿ ವೈಶಾಖದ ಅಷ್ಟೂ ಸಂಜೆ ಅವಳು ಅಲ್ಲಿ ಬಂದು ಕುಳಿತಿರುತ್ತಿದ್ದಳು.

ಪಾಳೇಗಾರ ಹೋದ, ಮಾನ್ಯ ಹೋಯಿತು, ಮೊಗ್ಗು ಈಗ ಪೇಟೆಗೆ ಹೋಗುತ್ತದೆ. ಆ ಒಂದು ಸಾಲಿಗೆ ಇಂದಿಗೂ ಯಾರೂ ಬುಟ್ಟಿ ಒಯ್ಯುವುದಿಲ್ಲ. ಸಂಜೆ ಹೋದವರು ಹೂವನ್ನಂತೂ ನೋಡಿಯೇ ನೋಡುತ್ತಾರೆ. ಜೊತೆಗೆ ಅಲ್ಲಿಗೆ ಬಂದು ಕೂರುವ ತೋಟದ ಹೆಂಗಸರನ್ನೂ ನೋಡಬೇಕು. ಆಗ ಅವರಿಗೆ ಕೆಲಸವಿಲ್ಲ. ಮಡಿಲಲ್ಲಿ ಸುಮ್ಮನಿಟ್ಟ ಕೈಯ ಬೆರಳುಗಳು ಮಾತ್ರ, ಕಣ್ಣು ಹೂವಿನ ಮೇಲಿರುವಷ್ಟು ಹೊತ್ತೂ, ಕೊಯ್ಯುತ್ತಲೇ ಇರುತ್ತವೆ.