ಆರೋಗ್ಯಮ್ಮ ನಿಲ್ಲಿಸಿದ ಜಪ

ನಮ್ಮ ಅಜ್ಜಂದಿರಿಗೆ ಅವರ ಅಜ್ಜಂದಿರು ಹೇಳಿದ ಮಾತಿದು, ಕೇಳಿ. ಬಹಳ ಹಿಂದೆ, ರಾಗಿ ಹೊಲಗಳ ನಡುವೆ ಶಿಲುಬೆದಿಣ್ಣೆ ಅಂತ ಒಂದೂರಿತ್ತಂತೆ. ಊರಿಗೊಂದು ಹೆಂಚಿನ ಗುಡಿ, ಗುಡಿಯಲ್ಲಿ ಮರದ ಶಿಲುಬೆ. ಗುರುಗಳು ಕುದುರೆ ಏರಿ ಯಾವಾಗಲೋ ಒಮ್ಮೆ ಬಂದು ಪೂಜೆ ಮಾಡಿ ಹೋಗುವರಂತೆ. ಮಿಕ್ಕ ದಿನ ಸಂಜೆಯ ಜಪ ಹೇಳಿಸುವುದು, ಮಕ್ಕಳಿಗೆ ಜಪ ಕಲಿಸುವುದು ಎಲ್ಲ ಉಪದೇಶಿ ಮುಡಿಯಪ್ಪನ ಕೆಲಸ.

ಅದೇ ಊರಿನಲ್ಲಿ ಆರೋಗ್ಯಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ. ನಾಟಿ ಔಷಧಿ ಕೊಡುವವಳು. ಅವಳು ಕೈ ಹಿಡಿದು ನೋಡಿದರೆ ಮೊನ್ನೆ ಉಂಡದ್ದೇನು ಅಂತ ಹೇಳುತ್ತಿದ್ದಳಂತೆ. ಅವಳು ಗದರಿದರೆ ಕಾಲಿಗೆ ಚುಚ್ಚಿದ ಮುಳ್ಳು ತಾನಾಗಿ ಹೊರಗೆ ಬರುತ್ತಿತ್ತಂತೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಬಾಯಿ ಜೋರು ಅನ್ನುವುದನ್ನಂತೂ ಎಲ್ಲರೂ ಒಪ್ಪುತ್ತಾರೆ. ಜಪಕ್ಕೆ ಬಂದರೆ ಮೂಗಿಗೆ ನಶ್ಯ ಏರಿಸಿ, ಹಿಂದಿನ ಗೋಡೆಗೆ ಒರಗಿ, ಮುಗಿಯುವವರೆಗೂ ತೂಕಡಿಸುವಳಂತೆ.

ಈಗ ಮುಡಿಯಪ್ಪನ ವಿಷಯ. ಅವನು ಒಮ್ಮೆ ಗಾಡಿ ಕಟ್ಟಿಕೊಂಡು ದೂರದ ಸಂತೆಗೆ ಹೋಗಿದ್ದಾಗ ಅವನ ತಾಯಿ ತೀರಿಕೊಂಡಳಂತೆ. ಕಡು ಬೇಸಿಗೆ, ಹೆಣ ಬಹಳ ಹೊತ್ತು ಇಡುವ ಹಾಗಿರಲಿಲ್ಲ. ತಂಗಿ ಜ್ಞಾನಮ್ಮನೇ ಮುಂದೆ ನಿಂತು ಮಣ್ಣು ಮಾಡಿಸಿದಳು. ಮುಡಿಯಪ್ಪ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆತ್ತವಳ ಮುಖವನ್ನೂ ನೋಡಲಾಗಲಿಲ್ಲ. ಅವನು ನೇರ ಗುಡಿಗೆ ಹೋಗಿ ಶಿಲುಬೆಯ ಮೇಲೆ ಕೈಯಿಟ್ಟು, ಇನ್ನೊಮ್ಮೆ ಅವಳನ್ನು ತಂಗಿ ಅಂತ ಕರೆದರೆ ನನ್ನ ನಾಲಿಗೆ ಬಿದ್ದುಹೋಗಲಿ ಅಂತ ಆಣೆ ಇಟ್ಟನಂತೆ.

ಆಣೆ ಇಟ್ಟವನು ಅದನ್ನು ಮುರಿಯಲಿಲ್ಲ. ಜ್ಞಾನಮ್ಮ ಎದುರಿಗೆ ಬಂದರೆ ಬೇಲಿಯ ಕಡೆ ಮುಖ ಮಾಡಿ ನಡೆಯುವನು. ವರ್ಷಗಳು ಉರುಳಿದವು. ದೇವರಿಗೆ ಕೊಟ್ಟ ಮಾತು ಅಂದರೆ ಮುಡಿಯಪ್ಪನದು ಅಂತ ಊರು ಕೊಂಡಾಡಿತು. ಅವನಿಗೂ ಒಳಗೊಳಗೇ ಹಿಗ್ಗು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಉಪವಾಸದಷ್ಟೇ ಭಕ್ತಿಯಿಂದ ಆ ಆಣೆಯನ್ನು ಸಾಕಿಕೊಂಡು ಬಂದನಂತೆ.

ಆದರೆ ಒಂದು ಕೆಮ್ಮು ಹತ್ತಿಕೊಂಡಿತು. ಯೇಸು ಕಲಿಸಿದ ಪರಲೋಕ ಮಂತ್ರ ಹೇಳಿಸುವಾಗ, ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಅಂತ ಬೇಡುವ ಸಾಲು ಬರುತ್ತಲೇ ಗಂಟಲು ಕಟ್ಟಿ ಕೆಮ್ಮು. ಮೊದಮೊದಲು ಸಣ್ಣದಾಗಿತ್ತು. ಬರಬರುತ್ತಾ ಆ ಸಾಲನ್ನೇ ನುಂಗಿಬಿಟ್ಟಿತು. ಗುಡಿಯ ಧೂಳು ಅಂದರು ಕೆಲವರು. ವಯಸ್ಸಾಯಿತು ಅಂದರು ಕೆಲವರು. ಕಡೆಗೆ ಗುರುಗಳು, ಹೀಗೇ ಆದರೆ ಹಬ್ಬಕ್ಕೆ ಬೇರೆಯವರು ಜಪ ಹೇಳಿಸಲಿ ಅಂದುಬಿಟ್ಟರಂತೆ. ಮುಡಿಯಪ್ಪನ ಎದೆ ಒಡೆಯಿತು. ಜಪ ಹೇಳಿಸುವುದು ಬಿಟ್ಟರೆ ಅವನಿಗೆ ಬದುಕಿನಲ್ಲಿ ಬೇರೇನಿತ್ತು?

ಆರೋಗ್ಯಮ್ಮನ ಜಗಲಿಗೆ ಬಂದ. ಅವಳು ಆಡುಸೋಗೆ ಕಷಾಯ ಕೊಟ್ಟಳು, ಶುಂಠಿ ಜೇನು ಕೊಟ್ಟಳು, ಎದೆಗೆ ಎಣ್ಣೆ ತಿಕ್ಕಿಸಿದಳು. ಏನು ಕೊಟ್ಟರೂ ಕೆಮ್ಮು ಜಗ್ಗಲಿಲ್ಲ. ಮುದುಕಿಯ ಕೈಗುಣ ಹೋಯಿತು ಅಂತ ಜನ ಆಡಿಕೊಂಡರು. ಆರೋಗ್ಯಮ್ಮನಿಗೆ ರೇಗಿತು. ಆ ಕೆಮ್ಮು ಅದೆಂಥದ್ದೋ ನೋಡೇಬಿಡುತ್ತೇನೆ ಅಂತ ಆ ಸಂಜೆ ನಶ್ಯದ ಡಬ್ಬಿ ಮನೆಯಲ್ಲೇ ಬಿಟ್ಟು, ಗುಡಿಯಲ್ಲಿ ಕಣ್ಣು ಬಿಟ್ಟುಕೊಂಡು ಕೂತಳಂತೆ.

ಜಪ ಶುರುವಾಯಿತು. ಆ ಸಾಲು ಬಂತು. ಮುಡಿಯಪ್ಪ ಕೆಮ್ಮಿದ. ಅವನ ಹಿಂದೆಯೇ, ಮುಂದೆ ಕೂತಿದ್ದ ಮಕ್ಕಳೆಲ್ಲ ಒಟ್ಟಿಗೆ ಕೆಮ್ಮಿದರು!

ಆರೋಗ್ಯಮ್ಮ ಎದ್ದು ನಿಂತು, ಜಪ ನಿಲ್ಲಿಸು ಅಂದಳಂತೆ. ಗುಡಿಯಲ್ಲಿ ಹೆಂಗಸೊಬ್ಬಳು ಜಪ ನಿಲ್ಲಿಸಿದ್ದು ಅದೇ ಮೊದಲು. ಅವಳು ಮಕ್ಕಳ ಹತ್ತಿರ ಹೋಗಿ, ಮುಡಿಯಪ್ಪನ ಮೊಮ್ಮಗಳು ಮದಲೇನಿಯ ಎದೆ ಮುಟ್ಟಿ ನೋಡಿ, ಯಾಕೆ ಕೆಮ್ಮಿದೆ ಮಗಾ ಅಂತ ಕೇಳಿದಳು.

"ಅಲ್ಲಿ ಕೆಮ್ಮಬೇಕಲ್ವಾ ಅಜ್ಜಿ? ತಾತನೇ ಹಂಗೆ ಹೇಳ್ಕೊಟ್ಟಿದ್ದು," ಅಂದಳು ಹುಡುಗಿ.

ಮುಡಿಯಪ್ಪನ ಮುಖ ಬಿಳಿಚಿಕೊಂಡಿತು. ಆರೋಗ್ಯಮ್ಮ ಅವನ ಕಡೆ ತಿರುಗಿದಳು. "ಎತ್ತನ್ನ ಗದರುವಾಗ ಕೆಮ್ಮಲ್ಲ, ಹಾಡು ಹೇಳುವಾಗ ಕೆಮ್ಮಲ್ಲ. ಯಾರ ಮೇಲಪ್ಪಾ ನಿನ್ನ ಸಿಟ್ಟು?"

"ನಂಗೆ ಯಾರ ಮೇಲೂ ಸಿಟ್ಟಿಲ್ಲ ಅತ್ತೆ," ಅಂದ. "ದೇವ್ರಿಗೆ ಒಂದು ಮಾತು ಕೊಟ್ಟಿದೀನಿ, ಅಷ್ಟೆ."

"ಆ ಮಾತನ್ನ ದೇವ್ರು ನಿನ್ನ ಕೇಳಿದ್ನಾ?"

ದೇವರು ಕೇಳಿರಲಿಲ್ಲ. ಆಣೆಯನ್ನು ಹಿಡಿದುಕೊಂಡಿದ್ದೇನೆ ಅಂತ ಮುಡಿಯಪ್ಪ ಇಷ್ಟು ವರ್ಷ ಬೀಗಿದ್ದ; ಅದೇ ತನ್ನನ್ನು ಹಿಡಿದುಕೊಂಡಿದೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಈಗ ಎಳೆ ಮಕ್ಕಳ ಬಾಯಲ್ಲೂ ಅದನ್ನು ಇಟ್ಟುಬಿಟ್ಟಿದ್ದ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಆಣೆ ಮುರಿದರೆ ನಾಲಿಗೆ ಹೋಗುತ್ತದೆ, ನಾಲಿಗೆ ಹೋದರೆ ಜಪವೂ ಹೋಗುತ್ತದೆ. ಅದನ್ನೇ ಮೆಲ್ಲಗೆ ಹೇಳಿದನಂತೆ.

"ಬಿದ್ರೆ ಬೀಳ್ಲಿ. ನಾನಿದೀನಲ್ಲ, ಅಂಟಿಸ್ತೀನಿ ನಡಿ," ಅಂದಳಂತೆ ಆರೋಗ್ಯಮ್ಮ.

ಜ್ಞಾನಮ್ಮ ಹೆಂಗಸರ ಕಡೆ ಮೂಲೆಯಲ್ಲಿ, ತಲೆ ಮೇಲೆ ಸೆರಗು ಹೊದ್ದು ಕೂತಿದ್ದಳು. ಮುಡಿಯಪ್ಪ ಅಲ್ಲಿಯವರೆಗೆ ನಡೆದ. ಕಣ್ಣು ಮುಚ್ಚಿ, "ತಂಗೀ," ಅಂದ. ನಾಲಿಗೆ ಇದ್ದಲ್ಲೇ ಇತ್ತು.

"ಕಾದೆ ಅಣ್ಣ," ಅಂದಳು ಜ್ಞಾನಮ್ಮ. "ಹೊತ್ತು ಮುಳುಗೋವರ್ಗೂ ಅವ್ವನ ಮುಖ ಮುಚ್ಚೋಕೆ ಬಿಡದೆ ಕಾದೆ. ಆಮೇಲೆ ಆಗ್ಲಿಲ್ಲ."

ಇದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಕೇಳಲು ಆಣೆ ಬಿಟ್ಟಿರಲಿಲ್ಲ. ತಂಗಿಯ ಕೈ ಹಿಡಿದು ಮಗುವಿನ ಹಾಗೆ ಅತ್ತನಂತೆ. ಆಗ ಗುಡಿಯ ಗಂಟೆ ತಾನಾಗಿ ಮೊಳಗಿತು ಅನ್ನುವವರಿದ್ದಾರೆ. ನನಗೆ ಗೊತ್ತಿಲ್ಲ. ಅವನು ಅಲ್ಲೇ ನಿಂತು, ಕೆಮ್ಮು ನುಂಗಿದ್ದ ಸಾಲನ್ನು ಎತ್ತಿಕೊಂಡ, ಮಾತು ನೀರಿನಂತೆ ಹರಿಯಿತು. ಪಾಪ, ಮಕ್ಕಳು ಮಾತ್ರ ರೂಢಿಯಂತೆ ಸರಿಯಾಗಿ ಅಲ್ಲೇ ಕೆಮ್ಮಿದರು. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರಂತೆ.

ಮುಡಿಯಪ್ಪ ಸಾಯುವ ಹಿಂದಿನ ಸಂಜೆಯವರೆಗೂ ಜಪ ಹೇಳಿಸಿದನಂತೆ. ಆರೋಗ್ಯಮ್ಮನ ಉಪಕಾರ ಅವನೂ ಮರೆಯಲಿಲ್ಲ, ಊರೂ ಮರೆತಿಲ್ಲ. ಇವತ್ತಿಗೂ ಅಲ್ಲಿ ಆ ಸಾಲು ಬಂದಾಗ ಜಪ ನಿಲ್ಲುತ್ತದೆ. ಅದಕ್ಕೆ ಆರೋಗ್ಯಮ್ಮನ ಹೊತ್ತು ಅನ್ನುತ್ತಾರೆ. ಯಾರಾದರೂ ಎದ್ದು ಹೊರಗೆ ನಡೆದರೆ ಎಲ್ಲಿಗೆ ಅಂತ ಕೇಳುವುದಿಲ್ಲ. ಅವರು ಮಾತು ಬಿಟ್ಟಿದ್ದ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಬರುವವರೆಗೂ ಕಾಯುತ್ತಾರೆ. ಮನೆಯಲ್ಲಿ ಮುದ್ದೆ ಆರುತ್ತದೆ, ಆರಲಿ ಅನ್ನುತ್ತಾರೆ. ನನಗೆ ಯಾರ ಮೇಲೂ ಏನೂ ಇಲ್ಲ ಅಂದುಕೊಂಡು ಬಂದವರೇ ಹೆಚ್ಚಾಗಿ ಏಳುವುದು.