ಹೊಂಬಾಳಮ್ಮನ ಮಗ ಮಿಷನ್ನಿನ ಹಗ್ಗ ಎಳೆದದ್ದು

ಹತ್ತಿರ ಬಂದು ಕೂತ್ಕೊಳ್ರಪ್ಪ. ನಗೋರು ನಗ್ಬಹುದು. ಆದ್ರೆ ಹೊಂಬಾಳಮ್ಮನ ಎದುರಿಗೆ ಮಾತ್ರ ನಗಬ್ಯಾಡಿ, ಯಾಕಂದ್ರೆ ಇದು ಅವಳ ಮಗನ ಕತೆ.

ಕಾಲುವೆ ಪಕ್ಕದಲ್ಲಿ ಒಂದು ಸೀಬೆ ತೋಟ. ತೋಟ ಬೊಮ್ಮೇಗೌಡ್ರದ್ದು, ನೋಡ್ಕೊಳ್ಳೋಳು ಹೊಂಬಾಳಮ್ಮ. ಅವಳಿಗೆ ಒಬ್ಬನೇ ಮಗ, ಚಲುವ. ಆಳು ನೋಡಿದ್ರೆ ಆನೆ ಹಂಗವನೆ, ಮೀಸೆ ಬೇರೆ ಬಂದೈತೆ. ಬುದ್ಧಿ ಮಾತ್ರ ಬರೋ ದಾರೀಲೆಲ್ಲೋ ಕೂತ್ಬಿಟ್ಟೈತೆ. ಹೇಳಿದ್ದನ್ನ ಹೇಳಿದ ಹಂಗೇ ಮಾಡ್ತಾನೆ. ಒಂದು ಕೂದಲಷ್ಟೂ ಆಚೆ ಈಚೆ ಇಲ್ಲ!

ಆ ವರ್ಷ ಹೊಂಬಾಳಮ್ಮ ಮರದಿಂದ ಜಾರಿ ಬಿದ್ಲು. ಬಲಗೈ ಮೂಳೆ ಬಿರುಕು ಬಿಡ್ತು. ಕೈಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ತೂಗುಹಾಕ್ಕೊಂಡು ಕೂತ್ಲು. ಇತ್ತ ತೋಟದಲ್ಲಿ ಹುಲ್ಲು ಸೊಂಟದವರೆಗೆ ಬೆಳೀತು. ಹಾವಿನ ಭಯಕ್ಕೆ ಕಾಯಿ ಕೀಳೋರು ಒಳಗೇ ಬರಲೊಲ್ಲರು. ಗೌಡ್ರು ಬಂದು ಬೇಲಿ ಆಚೆ ನಿಂತು, "ಹೊಂಬಾಳಮ್ಮ, ಹಣ್ಣು ಉದುರೋಕೆ ಮುಂಚೆ ಹುಲ್ಲು ಕುಯ್ಸು. ಆಗಲ್ವಾ, ಹೇಳ್ಬಿಡು, ಬೇರೆಯವ್ರನ್ನ ಇಡ್ತೀನಿ" ಅಂದ್ರು.

ಹುಲ್ಲು ಕುಯ್ಯೋಕೆ ಪೆಟ್ರೋಲ್ ಮಿಷನ್ ಇತ್ತು. ಹಗ್ಗ ಎಳೆದು ಸ್ಟಾರ್ಟ್ ಮಾಡೋದು. ಅದನ್ನ ಎಳೀತಿದ್ದ ಕೈ ಈಗ ಕುತ್ತಿಗೆಯಿಂದ ತೂಗಾಡ್ತಿತ್ತು. ಮಗನನ್ನ ಕರೆದ್ಲು.

"ಮಗಾ, ನೀನೇ ಎಳೀಬೇಕು. ಆ ಹಗ್ಗ ಹಿಡ್ಕೊ. ಸದ್ದು ಬರೋವರ್ಗೂ ಎಳಿ!"

"ಆಯ್ತವ್ವಾ!"

ಚಲುವ ಹಗ್ಗ ಹಿಡ್ಕೊಂಡ. ಎಳೆದ. ಸದ್ದು ಬರ್ಲಿಲ್ಲ. ಬಿಡ್ಲಿಲ್ಲ, ಇನ್ನೂ ಎಳೆದ. ಮಿಷನ್ನಿಗೆ ಕಾಲು ಕೊಟ್ಟು ಎಳೆದ, ಎಳೀತಾನೇ ಇದ್ದ. ಟಪ್ ಅಂತು!

"ಅವ್ವಾ, ಸದ್ದು ಬಂತು!"

ಸದ್ದು ಬಂತು, ಹಗ್ಗನೂ ಬಂತು. ಮಿಷನ್ ಒಂದು ಕಡೆ, ಹಗ್ಗ ಅವನ ಕೈಲಿ.

"ಅಯ್ಯೋ ನನ್ನ ಕರ್ಮವೇ! ಹಂಗಾ ಎಳೆಯೋದು? ಮೊದ್ಲು ಮೆತ್ತಗೆ ಎಳೀಬೇಕು. ಬಿಗಿ ಸಿಕ್ಕಿದ ತಕ್ಷಣ ಒಂದ್ಸಲ ಜಗ್ಗಿ ಬಿಟ್ಬಿಡ್ಬೇಕು ಕಣೋ!"

"ಮೆತ್ತಗೆ ಎಳೀಬೇಕು, ಜಗ್ಗಬೇಕು, ಬಿಟ್ಬಿಡ್ಬೇಕು. ಮೊದ್ಲೇ ಹೇಳ್ಬಾರ್ದಿತ್ತಾ ಅವ್ವಾ?"

ಮಿಷನ್ ಹೊತ್ಕೊಂಡು ಪೇಟೆಗೆ ಹೋದ. ದಸ್ತಗೀರ್ ಸಾಬ್ರು ರಿಪೇರಿ ಅಂಗಡೀಲಿ ಹೊಸ ಹಗ್ಗ ಹಾಕಿಕೊಟ್ರು. ವಾಪಸ್ ಬರೋವಾಗ ಊರ ಬಾವಿ ಹತ್ರ ಸಣ್ಣತಾಯಮ್ಮ ನೀರು ಸೇದ್ತಿದ್ಲು.

"ಲೋ ಚಲುವ, ಬಾರಪ್ಪ! ನಡ ಹಿಡ್ಕೊಂಡೈತೆ. ಈ ಹಗ್ಗ ಸ್ವಲ್ಪ ಎಳ್ಕೊಡು."

ಹಗ್ಗ! ಚಲುವನಿಗೆ ಗೊತ್ತಲ್ಲ! ಮೆತ್ತಗೆ ಎಳೆದ. ಕೊಡ ಮೇಲೆ ಬಂತು, ಬಿಗಿ ಸಿಕ್ತು. ಒಂದ್ಸಲ ಜಗ್ಗಿದ. ಬಿಟ್ಬಿಟ್ಟ!

ಕೊಡ ಹೋಯ್ತು, ಹಗ್ಗನೂ ಹೋಯ್ತು. ಸಣ್ಣತಾಯಮ್ಮ ಬಾಯಿ ಬಡ್ಕೊಂಡು ಹೊಂಬಾಳಮ್ಮನ ಮನೆ ಬಾಗಿಲಿಗೆ ಬಂದ್ಲು.

"ನನ್ನ ತವರಿನ ತಾಮ್ರದ ಕೊಡ ಕಣೇ!"

ಹೊಂಬಾಳಮ್ಮ ತನ್ನ ಕೊಡನೇ ಕೊಟ್ಟು ಕಳಿಸಿದ್ಲು. ಆಮೇಲೆ ಮಗನ ಕಡೆ ತಿರುಗಿದ್ಲು.

"ಹಗ್ಗನ ಬಿಡ್ತಾರೇನೋ, ಮಂಕೇ? ಕೈಗೆ ಹಗ್ಗ ಬಂದ್ಮೇಲೆ ಬಿಡ್ಬಾರ್ದು. ಅದು ವಾಪಸ್ ಹೋದ್ರೆ ಅದರ ಜೊತೇಲೇ ಹೋಗ್ಬೇಕು!"

"ಬಿಡ್ಬಾರ್ದು, ಜೊತೇಲೇ ಹೋಗ್ಬೇಕು. ಮೊದ್ಲೇ ಹೇಳ್ಬಾರ್ದಿತ್ತಾ ಅವ್ವಾ?"

"ಹೋಗು, ಆ ಯಮ್ಮಂಗೆ ನಡ ನೋವು. ಇವತ್ತು ಅವಳ ಎಮ್ಮೆ ನೀನು ಮೇಯಿಸ್ಕೊಂಡು ಬಾ."

ಹೋದ. ಎಮ್ಮೆ ಹಗ್ಗ ಕೈಗೆ ಸುತ್ಕೊಂಡ. ಬಿಸಿಲು ಏರ್ತು, ಎಮ್ಮೆಗೆ ಕೆರೆ ಕಾಣಿಸ್ತು. ಎಮ್ಮೆ ಓಡ್ತು, ಚಲುವನೂ ಓಡ್ದ. ಎಮ್ಮೆ ಕೆಸರಿಗಿಳೀತು, ಚಲುವನೂ ಇಳಿದ. ಎಮ್ಮೆ ಕುತ್ತಿಗೆವರೆಗೆ ನೀರಲ್ಲಿ ಮಲಗ್ತು, ಚಲುವನೂ ಮಲಗ್ದ. ದಡದಲ್ಲಿ ಬಟ್ಟೆ ಒಗೆಯೋರು ಕೂಗಿದ್ರು, "ಬಿಡೋ ಹಗ್ಗನ!"

"ನಮ್ಮವ್ವ ಬಿಡ್ಬಾರ್ದು ಅಂದವ್ಳೆ!"

ಸಂಜೆ ಎಮ್ಮೆ ಎದ್ದು ಬಂತು, ಇವನೂ ಎದ್ದು ಬಂದ. ಯಾವುದು ಎಮ್ಮೆ, ಯಾವನು ಚಲುವ ಅಂತ ಗೊತ್ತಾಗದಂಗಿತ್ತು. ಹೊಂಬಾಳಮ್ಮ ಬಯ್ಯೋಕೆ ಬಾಯಿ ತೆಗೆದ್ಲು. ಅವನು ಗಡಗಡ ನಡುಗ್ತಿರೋದು ನೋಡಿ ಬಾಯಿ ಮುಚ್ಚಿದ್ಲು. ನೀರು ಕಾಯಿಸಿ, ಎಡಗೈಲೇ ತಲೆ ತಿಕ್ಕಿ ಸ್ನಾನ ಮಾಡಿಸಿದ್ಲು. ಕಿವಿಯೊಳಗಿನ ಕೆಸರು ತೆಗೀತಾ, "ನಾನು ಹೋದ್ಮೇಲೆ ನಿನ್ನ ಕಿವಿ ಯಾರೋ ತೊಳೀತಾರೆ?" ಅಂದ್ಲು.

"ಎಲ್ಲಿಗೆ ಹೋಗ್ತೀಯವ್ವಾ? ನಾನೂ ಜೊತೇಲೇ ಬರ್ತೀನಿ."

ಅವಳು ತಟ್ಟೆ ತಂದ್ಲು. ಬಿಸಿ ಮುದ್ದೆ ಇಟ್ಟು, ಸಾರು ಸುರಿದ್ಲು.

ಬೆಳಿಗ್ಗೆ ಮತ್ತೆ ಮಿಷನ್. ಚಲುವ ಎಳೆದ, ಎಳೆದ, ಎಳೆದ. ಮಿಷನ್ ಗುರ್ ಅನ್ನುತ್ತೆ, ಸತ್ತುಹೋಗುತ್ತೆ. ಪೆಟ್ರೋಲ್ ಗಬ್ಬು ವಾಸನೆ ಹೊಡೀತು.

"ನಿಲ್ಸು, ನಿಲ್ಸು! ಮಿಷನ್ ಜಾಸ್ತಿ ಕುಡಿದ್ಬಿಟ್ಟೈತೆ ಕಣೋ. ಕುಡಿದಿರೋದ್ರ ಮೇಲೆ ಬಲ ಹಾಕ್ಬಾರ್ದು. ತಲೆ ಮೇಲಿನ ಟೋಪಿ ತೆಗೀಬೇಕು, ಒರೆಸ್ಬೇಕು, ಗಾಳಿ ಆಡಿಸ್ಬೇಕು. ಆಮೇಲೆ ಹಗ್ಗ ಎಳೆದ್ರೆ ಒಂದೇ ಏಟಿಗೆ ಎದ್ದೇಳ್ತದೆ!"

"ಟೋಪಿ ತೆಗೀಬೇಕು, ಒರೆಸ್ಬೇಕು, ಗಾಳಿ, ಹಗ್ಗ. ಮೊದ್ಲೇ ಹೇಳ್ಬಾರ್ದಿತ್ತಾ ಅವ್ವಾ?"

ಹೊಂಬಾಳಮ್ಮ ತಾನೇ ಎಡಗೈಲಿ ಮಿಷನ್ನಿನ ಟೋಪಿ ತೆಗೆದು, ಅದರಡಿಯ ಪ್ಲಗ್ ಬಿಚ್ಚಿ ಆರೋಕೆ ಇಟ್ಲು. "ಅಷ್ಟರಲ್ಲಿ ನೀನು ಹೋಗಿ, ನಾಳೆ ಹುಲ್ಲು ಕುಯ್ತೀವಿ ಅಂತ ಗೌಡ್ರಿಗೆ ಹೇಳ್ಬಾ" ಅಂದ್ಲು.

ಗೌಡ್ರು ಅವತ್ತು ಯಾರದೋ ಬಾಡೂಟಕ್ಕೆ ಹೋಗಿದ್ರು. ಊಟಕ್ಕಿಂತ ಬೇರೇದೇ ಜಾಸ್ತಿ ಆಗಿತ್ತು. ವಾಪಸ್ ಬರ್ತಾ ರಸ್ತೆ ಪಕ್ಕ ಸುಡೋ ಬಿಸಿಲಲ್ಲಿ ಬಿದ್ಕೊಂಡಿದ್ರು. ಹೋಗೋರು ಬರೋರು ನೋಡ್ಕೊಂಡು ದಾಟಿ ಹೋಗ್ತಿದ್ರು. ಚಲುವ ಬಗ್ಗಿ ಮೂಸಿದ.

"ಅಯ್ಯೋ ಪಾಪ, ಜಾಸ್ತಿ ಕುಡಿದ್ಬಿಟ್ಟವ್ರೆ!"

ಗೌಡ್ರನ್ನ ಎತ್ತಿ ನೆರಳಿಗೆ ಹಾಕಿದ. ತಲೆ ಮೇಲಿನ ಟೋಪಿ ತೆಗೆದ. ತನ್ನ ಟವೆಲ್ಲಿಂದ ಮುಖ ಒರೆಸಿದ. ಸೊಪ್ಪಿನ ರೆಂಬೆ ಮುರಿದು ಗಾಳಿ ಹಾಕಿದ. ಇನ್ನು ಹಗ್ಗ. ಹಗ್ಗ ಎಲ್ಲಿ? ಹುಡುಕಿದ. ಪಂಚೆ ಜರುಗಿ, ಪಟ್ಟಾಪಟ್ಟಿ ಚಡ್ಡಿ ಲಾಡಿ ಇಣುಕ್ತಿತ್ತು. ಹಿಡಿದ. ಎಳೆದ!

ಗೌಡ್ರು ಅಬ್ಬರಿಸಿ ಎದ್ದು ಕೂತ್ರು!

"ಗೌಡ್ರೇ, ಒಂದೇ ಏಟಿಗೆ ಸ್ಟಾರ್ಟ್ ಆದ್ರಿ!"

ಒಂದು ಕೈಲಿ ಚಡ್ಡಿ, ಇನ್ನೊಂದು ಕೈಲಿ ಟೋಪಿ ಹಿಡ್ಕೊಂಡು ಗೌಡ್ರು ಹೊಂಬಾಳಮ್ಮನ ಮನೆಗೇ ಬಂದ್ರು, ಹಿಂದೇನೇ ಚಲುವ. "ತೋಟನೂ ಬೇಡ, ನೀವೂ ಬೇಡ! ನಿನ್ನ ಮಗ ನಡುರಸ್ತೇಲಿ ನನ್ನ ಮಾನ ಕಳೆದ!"

ಹೊಂಬಾಳಮ್ಮ ನಡೆದದ್ದನ್ನೆಲ್ಲ ಮಗನ ಬಾಯಿಂದ ಕೇಳಿದ್ಲು. ನಾಚಿಕೆಗೆ ಮುಖ ತಗ್ಗಿಸಿದ್ಲು. ಆಮೇಲೆ ನಿಧಾನಕ್ಕೆ ಎತ್ತಿದ್ಲು.

"ತಪ್ಪಾಯ್ತು ಗೌಡ್ರೇ. ಇವನು ಪೆದ್ದ, ನಾನೇ ಹೇಳ್ತೀನಿ. ಆದ್ರೆ ನೀವು ಬಿಸಿಲಲ್ಲಿ ಬಿದ್ದಿದ್ರಿ. ಬುದ್ಧಿ ಇರೋರೆಲ್ಲ ನೋಡ್ಕೊಂಡೇ ದಾಟಿ ಹೋಗಿದ್ರು. ನೆರಳಿಗೆ ಎತ್ತಾಕಿ ಗಾಳಿ ಬೀಸಿದೋನು ಇವನೊಬ್ಬನೇ."

ಗೌಡ್ರು ಚಲುವನ ಕಡೆ ನೋಡಿದ್ರು. ಅವನ ಕೈಲಿ ಇನ್ನೂ ಆ ರೆಂಬೆ ಇತ್ತು. ಗಾಳಿ ಹಾಕ್ತಾನೇ ಇದ್ದ.

"ಸರಿ, ಸಾಕು ಬೀಸಿದ್ದು" ಅಂದ್ರು ಗೌಡ್ರು, ಮೆತ್ತಗಾಗಿ. "ನಾಳೆ ಸಂಜೆಯೊಳಗೆ ಹುಲ್ಲು ಕುಯ್ದಿರ್ಬೇಕು. ಲಾಡಿ ವಿಷಯ ಯಾರಿಗೂ ಹೇಳ್ಬೇಡಿ."

ಮಾರನೇ ದಿನ ಹೊಂಬಾಳಮ್ಮ ಮಗನ ಹಿಂದೆ ನಿಂತ್ಲು. ತನ್ನ ಎಡಗೈಯನ್ನ ಅವನ ಕೈ ಮೇಲಿಟ್ಲು. "ಮೆತ್ತಗೆ... ಬಿಗಿ ಸಿಕ್ತಾ? ಈಗ ಜಗ್ಗು! ಬಿಡ್ಬೇಡ, ಹಗ್ಗದ ಜೊತೇಲೇ ಕೈ ಒಳಗೆ ತಗೊಂಡು ಹೋಗು." ಮೊದಲ ಸಲ ಕೆಮ್ಮಿತು. ಎರಡನೇ ಸಲ ಮಿಷನ್ ಡರ್ರ್ ಅಂತ ಎದ್ದಿತು!

ಹೊಂಬಾಳಮ್ಮನಿಗೆ ಅಳುನೂ ಬಂತು, ನಗುನೂ ಬಂತು. "ಆರಿಸ್ಬಿಟ್ಟೀಯಾ ಮತ್ತೆ! ನಾನು ಹೇಳೋವರ್ಗೂ ನಿಲ್ಲಿಸ್ಬೇಡ!"

"ಆಯ್ತವ್ವಾ!"

ಅವಳು ಮರದ ಕೆಳಗೆ ಒರಗಿದ್ಲು. ಕೈ ಮುರಿದಾಗಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ, ನಿದ್ದೆ ಎಳ್ಕೊಂಡೇ ಹೋಯ್ತು. ಚಲುವ ತೋಟದ ಹುಲ್ಲೆಲ್ಲ ಕುಯ್ದ. ಅವ್ವ ಎದ್ದಿರ್ಲಿಲ್ಲ. ಪೆಟ್ರೋಲ್ ಮುಗಿಯೋಕೆ ಬಂದಾಗ ಮಿಷನ್ ಆರಿಸದೆ ಹಂಗೇ ಸುರಿಯೋಕೆ ಹೋದ. ಕಾಲುವೆ ಮೇಲಿಂದ ನೋಡಿದ ಗೌಡ್ರು ಓಡಿ ಬಂದು, ಬಯ್ತಾ, ತಾವೇ ಆರಿಸಿ, ಸುರಿದು, ಮತ್ತೆ ಸ್ಟಾರ್ಟ್ ಮಾಡಿಕೊಟ್ರು. ಚಲುವ ಕಾಲುವೆ ದಡದ ಹುಲ್ಲು ಕುಯ್ದ. ರಸ್ತೆ ಬದಿ ಕುಯ್ದ. ಬಸ್ ನಿಲ್ದಾಣದ ಸುತ್ತ ಕುಯ್ದ. ಮತ್ತೆ ತೋಟಕ್ಕೆ ಬಂದ.

ಹೊಂಬಾಳಮ್ಮ ಕಣ್ಣು ಬಿಟ್ಟಾಗ ತೋಟ ಬೋಳಿಸಿದ ತಲೆ ಹಂಗಿತ್ತು. ಕಲ್ಲು ಸಿಡಿದು ಅವ್ವನಿಗೆ ತಗುಲೀತು ಅಂತ ಅವಳ ಸುತ್ತ ಮಾತ್ರ ಹುಲ್ಲು ಬಿಟ್ಟಿದ್ದ. ಆಚೆ ನಿಂತು, ಬೆವರು ಸುರಿಸ್ತಾ, ಡರ್ರ್ ಅನ್ನೋ ಮಿಷನ್ ಹೊತ್ಕೊಂಡು ಅವಳ ಮುಖಾನೇ ನೋಡ್ತಿದ್ದ.

"ನಿಲ್ಲಿಸೋ ಮಗಾ!"

"ಏನವ್ವಾ?"

"ನಿಲ್ಲಿಸು ಅಂದೆ!"

"ಕೇಳಿಸ್ತಿಲ್ಲವ್ವಾ! ಇರು." ಟಕ್ ಅಂತ ಮಿಷನ್ ಆರಿಸಿದ. ಕಿವಿ ಒಡ್ಡಿದ. "ಈಗ ಹೇಳು."

"ಮಿಷನ್ ನಿಲ್ಲಿಸು ಅಂದೆ ಕಣಪ್ಪ."

"ಆಯ್ತವ್ವಾ!"

ಚಲುವ ಮಿಷನ್ ಕೆಳಗಿಟ್ಟ. ಹಗ್ಗ ಹಿಡಿದ. ಮೆತ್ತಗೆ ಎಳೆದ, ಜಗ್ಗಿದ. ಒಬ್ಬನೇ, ಒಂದೇ ಏಟಿಗೆ, ಡರ್ರ್ ಅನ್ನಿಸಿದ.

"ಅಯ್ಯೋ, ಯಾಕೋ ಮತ್ತೆ ಸ್ಟಾರ್ಟ್ ಮಾಡ್ದೆ?"

"ಓಡದೆ ಇರೋದನ್ನ ಹೆಂಗವ್ವಾ ನಿಲ್ಸೋದು?" ಅಂತ ಕೂಗಿ, ಅವ್ವ ಹೇಳಿದ ಹಂಗೇ ನಿಲ್ಸಿದ.