ಎರಡು ಮಾರು ದೂರ

“ಗುರುಗಳೇ, ನನ್ನ ಅಕ್ಕನಿಗೆ ಥೈರಾಯ್ಡ್ ಕ್ಯಾನ್ಸರ್. ವಿಕಿರಣ ಸೂಸುವ ಔಷಧಿ ಕೊಡುತ್ತಾರಂತೆ. ಊರುಗಳನ್ನು ಸುಡುವ ಬಾಂಬಿನಲ್ಲಿರುವುದೂ ವಿಕಿರಣವೇ. ಆಸ್ಪತ್ರೆಯಿಂದ ಬಂದ ಮೇಲೆ ಅವಳನ್ನು ನಮ್ಮ ಮನೆಯಲ್ಲಿ ಇರಿಸಿಕೊಳ್ಳಬಹುದೇ?” ಎಂದು ಶಿಷ್ಯ ರುದ್ರಮುನಿ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಮುತ್ತವ್ವನಿಗೂ ಇದೇ ರೋಗ ಬಂತು. ವೈದ್ಯರು ಗಂಟಲಿನ ಗ್ರಂಥಿಯನ್ನು ತೆಗೆದರು. ಉಳಿದ ಚೂರುಪಾರನ್ನು ಸುಡಲು ವಿಕಿರಣದ ಅಯೋಡಿನ್ ಗುಳಿಗೆ ನುಂಗಿಸಿದರು. ಮೂರು ದಿನ ಒಂಟಿ ಕೋಣೆಯಲ್ಲಿಟ್ಟು ನಾಲ್ಕನೆಯ ದಿನ ಮನೆಗೆ ಹೊರಡಿಸಿದರು.

ಕರೆದೊಯ್ಯಲು ಅತ್ತೆ ಸಂಗವ್ವ ಬಂದಿದ್ದಳು. ಡಾಕ್ಟರಮ್ಮ ವಿಕಿರಣ ಅಳೆಯುವ ಒಂದು ಸಣ್ಣ ಯಂತ್ರವನ್ನು ಸೊಸೆಯ ಕಡೆ ಹಿಡಿದರು. ಅದು ಜೋಳ ಹುರಿದಂತೆ ಚಟಪಟ ಎಂದಿತು. “ಬಾಂಬಿನಾಗ ಇರೋದು ಇದೇ ಏನ್ರೀ?” ಎನ್ನುತ್ತ ಸಂಗವ್ವ ಹಿಂದೆ ಸರಿದಳು.

“ಬಾಂಬಿನಲ್ಲಿ ಎಣಿಸಲಾಗದಷ್ಟು ಅಣುಗಳು ಒಂದೇ ಗಳಿಗೆಯಲ್ಲಿ ಒಡೆಯುತ್ತವೆ. ಇದು ಹಾಗಲ್ಲ, ಮೆಲ್ಲಗೆ ತಾನಾಗಿ ಆರಿಹೋಗುತ್ತದೆ” ಎಂದರು ಡಾಕ್ಟರಮ್ಮ. “ಬಹುಪಾಲು ಮೂತ್ರದ ಜೊತೆ ಹೊರಗೆ ಹೋಗುತ್ತದೆ, ಚೆನ್ನಾಗಿ ನೀರು ಕುಡಿಸಿ. ಒಳಗೆ ಉಳಿದದ್ದು ಎಂಟು ದಿನಕ್ಕೆ ಅರ್ಧವಾಗುತ್ತದೆ, ಮತ್ತೆಂಟು ದಿನಕ್ಕೆ ಅದರಲ್ಲೂ ಅರ್ಧ. ಮೂರು ವಾರ ಮಗು ಎರಡು ಮಾರು ದೂರ ಇರಲಿ. ಆಮೇಲೆ ಎತ್ತಿಕೊಳ್ಳಲಿ.”

ಮಗುವಿಗೆ ನಾಲ್ಕು ವರ್ಷ. ಹೆಸರು ಚಂದ್ರಿ. ಸಂಗವ್ವ ಕೈ ಚಾಚಿ ಎರಡು ಮಾರು ಅಳೆದು ಅಂಗಳದಲ್ಲಿ ರಂಗೋಲಿಯ ಗೆರೆ ಎಳೆದಳು.

ಚಂದ್ರಿ ದಿನಾ ಬೆಳಿಗ್ಗೆ ಗೆರೆಯ ಈಚೆ ಬಂದು ಕೂರುತ್ತಿದ್ದಳು. ಆಚೆಯಿಂದ ತಾಯಿ ಕಾಗೆಯಂತೆ ಕೂಗುವಳು. ಮಗಳು ಬೆಕ್ಕಿನಂತೆ ಉತ್ತರ ಕೊಡುವಳು. ವಾರ ಕಳೆಯುವುದರೊಳಗೆ ಆಡು, ಕೋಣ, ಅಜ್ಜಿಯ ಗೊರಕೆ ಎಲ್ಲವೂ ಸೇರಿಕೊಂಡವು. ಮಗ್ಗದ ಮುಂದೆ ಕೂತ ನೇಕಾರ ನಕ್ಕು ನಕ್ಕು ಎಳೆ ತಪ್ಪಿಸುತ್ತಿದ್ದ.

ಮೂರು ವಾರ ಮುಗಿಯಿತು. ಆದರೆ ಅಕ್ಕಪಕ್ಕದವರು, “ಕಣ್ಣಿಗೆ ಕಾಣದ್ದು ಹೋಯಿತೆಂದು ಹೇಗೆ ನಂಬುತ್ತೀರಿ?” ಎಂದರು. ಸಂಗವ್ವ ಗೆರೆ ಅಳಿಸಲಿಲ್ಲ. ಚಂದ್ರಿಯೇ ಗೆರೆ ದಾಟಿ ಓಡಿದಳು. ಮುತ್ತವ್ವ ಹೆದರಿ ಗೋಡೆಗೆ ಒತ್ತಿಕೊಂಡು, “ಬ್ಯಾಡವ್ವಾ, ಬ್ಯಾಡ!” ಎಂದು ಕೂಗಿದಳು. ಅಷ್ಟು ದಿನ ಅಳದ ಮಗು ಅಂದು ಬಿಕ್ಕಿ ಬಿಕ್ಕಿ ಅತ್ತಿತು.

ಸಂಗವ್ವನಿಗೆ ಅದನ್ನು ನೋಡಲಾಗಲಿಲ್ಲ. ಮರುದಿನ ಮೊದಲ ಬಸ್ಸಿಗೆ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಗು ಅವಳ ತೊಡೆಯ ಮೇಲಿತ್ತು. ಸೊಸೆ ಕೊನೆಯ ಸೀಟಿನಲ್ಲಿ ಕೂತಿದ್ದಳು.

ಡಾಕ್ಟರಮ್ಮ ಮತ್ತೆ ಯಂತ್ರ ಹಿಡಿದರು. ಅದು ಟಿಕ್ ಎಂದಿತು. ಸ್ವಲ್ಪ ತಡೆದು ಇನ್ನೊಮ್ಮೆ ಟಿಕ್ ಎಂದಿತು.

“ಇನ್ನೂ ಐತಲ್ರೀ!” ಎಂದಳು ಸಂಗವ್ವ.

ಡಾಕ್ಟರಮ್ಮ ಯಂತ್ರವನ್ನು ಗೋಡೆಯತ್ತ ತಿರುಗಿಸಿದರು. ಅಲ್ಲಿಯೂ ಅಷ್ಟೇ. ಸಂಗವ್ವನ ಎದೆಯ ಹತ್ತಿರ ಹಿಡಿದರು. ಅಲ್ಲಿಯೂ ಅಷ್ಟೇ.

“ನನ್ನೊಳಗೂ ಐತೇನ್ರೀ?”

“ಚೂರು ಇದೆ, ಅಜ್ಜಿ. ಮಣ್ಣಿನಲ್ಲಿದೆ, ಗೋಡೆಯಲ್ಲಿದೆ, ಉಂಡ ಅನ್ನದಲ್ಲಿದೆ. ಹುಟ್ಟಿದಾಗಿನಿಂದ ಅದರ ಜೊತೆಯೇ ಬಾಳಿದ್ದೀರಿ. ನಿಮ್ಮ ಸೊಸೆಯೂ ಈಗ ನಿಮ್ಮ ಹಾಗೆಯೇ.”

ಸಂಗವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಮಗುವನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದಳು. ಮುತ್ತವ್ವ ಮಗಳ ತಲೆಗೆ ಮೂಗು ಒತ್ತಿ ಹಾಗೆಯೇ ಕೂತಳು. ತುಂಬ ಹೊತ್ತು ಯಾರೂ ಅವರನ್ನು ಎಬ್ಬಿಸಲಿಲ್ಲ.

ಹಿಂತಿರುಗುವಾಗ ಚಂದ್ರಿ ದಾರಿಯುದ್ದಕ್ಕೂ ತಾಯಿಯ ತೊಡೆ ಬಿಟ್ಟು ಇಳಿಯಲಿಲ್ಲ. ಸಂಗವ್ವ ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕತೆ ಹೇಳಿದಳು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಕೇಳಿ ಎರಡು ಹೆಜ್ಜೆ ಹಿಂದೆ ಸರಿದ. “ಎಲ್ಲಿಗೆ ಓಡ್ತೀಯೋ ತಮ್ಮಾ? ನಿನ್ನೊಳಗೂ ಐತಿ!” ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮನೆ ಸೇರಿದೊಡನೆ ಅವಳು ಪೊರಕೆ ಹಿಡಿದು ಅಂಗಳ ಗುಡಿಸಿದಳು.

ಕತೆ ಕೇಳಿ ರುದ್ರಮುನಿಯ ಮುಖವೂ ಅರಳಿತ್ತು. “ಹಾಗಾದರೆ ಆ ಮುದುಕಿ ಹೆದರಿದ್ದೇ ತಪ್ಪಲ್ಲವೇ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಹೆದರಿದ ಅವಳು ಅಳೆದು ತೋರಿಸುವವರ ಬಳಿಗೆ ಹೋದಳು, ನೀನು ನನ್ನ ಬಳಿಗೆ ಬಂದೆ.”